ನಲವತ್ತೊಂದು ಕೈಗಳು: ಹರಿ ವಿಷ್ಣು ಕಾಮತರ ಸದನಜೀವನ

ಸಂವಿಧಾನದ ಪೀಠಿಕೆಯನ್ನು ಶಾಲೆಗಳಲ್ಲಿಯೂ ಸಭೆ ಸಮಾರಂಭಗಳಲ್ಲಿಯೂ ಓದಿಸುವ ಪದ್ಧತಿ ಈಚೆಗೆ ನಮ್ಮ ನಾಡಿನಲ್ಲಿ ರೂಢಿಗೆ ಬಂದಿದೆ. ಅದನ್ನು ಕೇಳಿದ ಭಕ್ತರಲ್ಲಿ ಕೆಲವರು, ಇಷ್ಟು ದೊಡ್ಡ ಗ್ರಂಥದ ಮೊದಲ ಸಾಲಿನಲ್ಲಿ ದೇವರ ಸ್ಮರಣೆ ಏಕಿಲ್ಲ, ಬರೆದವರಿಗೆ ಅದು ನೆನಪಾಗಲಿಲ್ಲವೆ ಎಂದು ನಮ್ಮನ್ನು ಕೇಳುವುದುಂಟು. ನೆನಪಾಗಿತ್ತು. ನೆನಪಿಸಿದವರು ಒಬ್ಬರಿದ್ದರು, ಅವರ ಮಾತು ಮತಕ್ಕೂ ಬಿದ್ದಿತ್ತು. ಅವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಅವರು ತೀರಿಕೊಂಡು ನಾಲ್ಕು ದಶಕಗಳು ಸಂದಿವೆ. ಅವರ ಹೆಸರು ಹುಟ್ಟೂರಿನಲ್ಲಿಯೂ ಈಗ ಹೆಚ್ಚು ಕೇಳಿಬರುವುದಿಲ್ಲ. ಸದನದಲ್ಲಿ ಅವರು ಎಲ್ಲಿ ಕೈ ಎತ್ತಿದರು, ಏನನ್ನು ಕೇಳಿದರು, ಎಷ್ಟು ಸಲ ಸೋತರು ಎಂಬುದನ್ನು ಹಿಡಿದುಕೊಂಡು ಅವರ ಬದುಕನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ. ಶಾಸನಕರ್ತನ ಬದುಕನ್ನು ಅಳೆಯಲು ಇದಕ್ಕಿಂತ ನೇರವಾದ ಕೋಲು ನಮಗೆ ತಿಳಿಯದು.

ಕಾಮತರು ಹುಟ್ಟಿದ್ದು 1907ರ ಜುಲೈನಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂದೆ ವಿಲಾಯಿತಿಗೆ ಹೋಗಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1930ರಲ್ಲಿ ಸೇವೆಗೆ ಸೇರಿದರು. ಆ ಕಾಲದಲ್ಲಿ ಐ.ಸಿ.ಎಸ್. ಎಂದರೆ ಅಧಿಕಾರ, ಸಂಬಳ, ಗೌರವ ಮೂರೂ ಒಂದೆಡೆ ಕೂಡಿದ ಪೀಠ. ಮಧ್ಯಪ್ರಾಂತದಲ್ಲಿ ಕೆಲಸ ಮಾಡುತ್ತಿದ್ದ ಅವರು 1938ರಲ್ಲಿ ಅದನ್ನು ಬಿಟ್ಟರು. ಬಿಟ್ಟು ಸುಭಾಷಚಂದ್ರ ಬೋಸರ ಜೊತೆ ಸೇರಿದರು. ಮರುವರ್ಷ ಬೋಸರು ಫಾರ್ವರ್ಡ್ ಬ್ಲಾಕ್ ಕಟ್ಟಿದಾಗ ಅದರ ಕಾರ್ಯಭಾರ ಹೊತ್ತವರಲ್ಲಿ ಕಾಮತರು ಒಬ್ಬರು. ಸೆರೆವಾಸವೂ ಬಂತು. ಸೇವೆಗೆ ಹೋದ ಮಧ್ಯಪ್ರಾಂತವೇ ಅವರ ಕರ್ಮಭೂಮಿಯಾಯಿತು, ಸಂವಿಧಾನ ರಚನಾ ಸಭೆಗೆ ಅವರು ಬಂದದ್ದೂ ಮಧ್ಯಪ್ರಾಂತ ಮತ್ತು ಬೇರಾರ್‌ನಿಂದಲೇ.

ಆ ಸಭೆಯ ಕೆಲಸದ ರೀತಿಯನ್ನು ಸ್ವಲ್ಪ ತಿಳಿದುಕೊಂಡರೆ ಕಾಮತರ ಸ್ಥಾನ ಅರ್ಥವಾಗುತ್ತದೆ. ಸಭೆ ನಡೆದದ್ದು 2 ವರ್ಷ 11 ತಿಂಗಳು 17 ದಿನ. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು 7,635; ಅವುಗಳಲ್ಲಿ ಸಭೆಯ ಮುಂದೆ ಮಂಡಿತವಾದವು 2,473. ಸದಸ್ಯರಲ್ಲಿ ಬಹುಪಾಲು ಕಾಂಗ್ರೆಸ್ಸಿನವರು. ಮುಖ್ಯ ವಿಷಯಗಳು ಪಕ್ಷದ ಸಭೆಯಲ್ಲಿ ಮೊದಲೇ ಚರ್ಚೆಯಾಗಿ, ಒಂದು ತೀರ್ಮಾನಕ್ಕೆ ಬಂದು, ಅನಂತರ ಸದನಕ್ಕೆ ಬರುತ್ತಿದ್ದವು. ಹೀಗಾಗಿ ಸದನದಲ್ಲಿ ಎದ್ದು ನಿಂತು ತಿದ್ದುಪಡಿ ಮಂಡಿಸುವವನು ಸೋಲುತ್ತೇನೆಂದು ತಿಳಿದೇ ಮಂಡಿಸುತ್ತಿದ್ದ. ಕಾಮತರು ಮತ್ತೆ ಮತ್ತೆ ಮಂಡಿಸಿದರು. ಕೆ.ಟಿ. ಶಾ, ನಜೀರುದ್ದೀನ್ ಅಹಮದ್, ಶಿಬ್ಬನ್‌ಲಾಲ್ ಸಕ್ಸೇನಾ, ಪಂಡಿತ ಹೃದಯನಾಥ ಕುಂಜ್ರು ಇವರ ಸಾಲಿನಲ್ಲಿ ಅವರ ಹೆಸರೂ ಚರ್ಚೆಯ ಸಂಪುಟಗಳ ಪುಟಪುಟದಲ್ಲಿ ಕಾಣುತ್ತದೆ. ಸಭೆಯ ಮುದ್ರೆಯಲ್ಲಿ ಆನೆಯ ಚಿತ್ರವಿದ್ದುದನ್ನು ನೆನೆದು, ನಮ್ಮ ಸಂವಿಧಾನವೂ ಅದಕ್ಕೆ ತಕ್ಕಂತೆ ಭಾರಿ ಗಾತ್ರದ್ದಾಯಿತೆಂದು ಅವರು ಮಾಡಿದ ವಿನೋದ ಪ್ರಸಿದ್ಧವಾಗಿದೆ. ಆ ಗಾತ್ರವನ್ನು ಹೆಚ್ಚಿಸಲು ಹೊರಟ ತಿದ್ದುಪಡಿಗಳಲ್ಲಿ ಅವರವೂ ಅನೇಕವಿದ್ದವೆಂಬುದನ್ನು ನಾವು ನಗುತ್ತಲೇ ಸೇರಿಸಬೇಕು.

ಅವರ ಮತಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1949ರ ಅಕ್ಟೋಬರ್ 17ರದು. ಅಂದು ಬಾಬು ರಾಜೇಂದ್ರಪ್ರಸಾದರು ಅಧ್ಯಕ್ಷಪೀಠದಲ್ಲಿದ್ದರು. ಪೀಠಿಕೆ ಚರ್ಚೆಗೆ ಬಂದಿತ್ತು. ಭಾರತದ ಜನತೆಯಾದ ನಾವು ಎಂಬ ಆರಂಭದ ಮೊದಲು ದೇವರ ಹೆಸರಿನಲ್ಲಿ ಎಂಬ ಮಾತನ್ನು ಸೇರಿಸಬೇಕೆಂದು ಕಾಮತರು ಸೂಚಿಸಿದರು. ಮಾಡುವ ಕರ್ಮವನ್ನೆಲ್ಲ ಭಗವಂತನಿಗೆ ಅರ್ಪಿಸಬೇಕೆಂಬ ಗೀತೆಯ ಬೋಧೆಯನ್ನು ಅವರು ನೆನೆದರು. ಸಾಮಾನ್ಯ ಕಾಯಕವನ್ನೇ ಅರ್ಪಣೆಯಾಗಿ ಮಾಡುವವರು ಒಂದು ರಾಷ್ಟ್ರದ ಹುಟ್ಟುಪತ್ರವನ್ನು ಅರ್ಪಣೆಯಿಲ್ಲದೆ ಬರೆಯಬಾರದೆಂಬುದು ಅವರ ಭಾವದ ತಿರುಳೆಂದು ನಾವು ಗ್ರಹಿಸಿದ್ದೇವೆ. ಪಂಡಿತ ಗೋವಿಂದ ಮಾಳವೀಯರು ಪರಮೇಶ್ವರನ ಕೃಪೆಯಿಂದ ಎಂಬ ಅರ್ಥದ ಇನ್ನೊಂದು ಪಾಠವನ್ನು ಮುಂದಿಟ್ಟಿದ್ದರು. ಅಸ್ಸಾಮಿನ ರೋಹಿಣಿಕುಮಾರ ಚೌಧುರಿಯವರು ಎದ್ದು, ತಾವು ಕಾಮಾಖ್ಯೆಯ ನೆಲದಿಂದ ಬಂದ ಶಾಕ್ತರು, ದೇವರ ಹೆಸರಿನಲ್ಲಿ ಎಂಬುದಾದರೆ ದೇವಿಯನ್ನು ಬಿಡುವುದೇಕೆ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ವಿನೋದ ಎಷ್ಟಿತ್ತೋ, ನಿಜವಾದ ತೊಡಕೂ ಅಷ್ಟೇ ಇತ್ತು: ಒಂದು ಹೆಸರನ್ನು ಬರೆದ ಕೂಡಲೇ ಬರೆಯದೆ ಉಳಿದ ಹೆಸರುಗಳು ಬಾಗಿಲಲ್ಲಿ ಬಂದು ನಿಲ್ಲುತ್ತವೆ.

ವಿರೋಧಿಸಿದವರು ನಾಸ್ತಿಕರೆಂದು ಭಾವಿಸುವುದು ತಪ್ಪು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ ಅವರು ಸ್ವತಃ ನಂಬಿಕೆಯುಳ್ಳವರು. ಆದರೂ ನಂಬುವ ಅಥವಾ ನಂಬದಿರುವ ಸ್ವಾತಂತ್ರ್ಯ ಪ್ರತಿಯೊಬ್ಬನದು, ಈ ಮಾತನ್ನು ಸೇರಿಸಿದರೆ ನಂಬಿಕೆಯಲ್ಲಿ ಬಲವಂತ ಬಂದಂತಾಗುತ್ತದೆ ಎಂದು ಅವರು ವಾದಿಸಿದರು. ಕುಂಜ್ರು ಅವರ ಮಾತು ಇನ್ನೂ ಗಟ್ಟಿಯಾಗಿತ್ತು. ಮನುಷ್ಯನ ಅತ್ಯಂತ ಪವಿತ್ರವಾದ ಭಾವವನ್ನು ಮತದ ತಕ್ಕಡಿಗೆ ತಂದುದೇ ಅವರಿಗೆ ನೋವಾಗಿತ್ತು. ಶ್ರದ್ಧೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಎಲ್ಲರಿಗೂ ಮಾತುಕೊಡುವ ಅದೇ ಪೀಠಿಕೆಯು ಒಂದು ನಂಬಿಕೆಯನ್ನು ಎಲ್ಲರ ಪರವಾಗಿ ನುಡಿಯುವುದು ಅಸಂಗತವೆಂದು ಅವರು ಹೇಳಿದರು. ಪೂರ್ಣಿಮಾ ಬ್ಯಾನರ್ಜಿಯವರು ಕಾಮತರಲ್ಲಿ ವಿನಂತಿಯನ್ನೇ ಮಾಡಿಕೊಂಡರು: ದೇವರ ವಿಷಯದಲ್ಲಿ ಕೈ ಎತ್ತುವ ಅಥವಾ ಎತ್ತದಿರುವ ಇಕ್ಕಟ್ಟಿಗೆ ಸದಸ್ಯರನ್ನು ಸಿಲುಕಿಸಬೇಡಿರೆಂದು.

ಕಾಮತರು ಹಿಂದೆಗೆಯಲಿಲ್ಲ, ವಿಭಜನೆ ಕೇಳಿದರು. ಕೈ ಎತ್ತಿ ಮತ ಎಣಿಸಲಾಯಿತು. ಪರವಾಗಿ 41, ವಿರುದ್ಧವಾಗಿ 68. ಸೂಚನೆ ಬಿತ್ತು. ಕಾಮತರು ಅದನ್ನು ದೇಶದ ಚರಿತ್ರೆಯಲ್ಲಿ ಕರಾಳ ದಿನವೆಂದು ಕರೆದು, ದೇವರೇ ದೇಶವನ್ನು ಕಾಯಲಿ ಎಂಬರ್ಥದ ಮಾತಾಡಿ ಕುಳಿತರು.

ಈ ಅಂಕಿಗಳನ್ನು ನಾವು ಹಲವು ಬಾರಿ ನೋಡಿದ್ದೇವೆ. ಎರಡನ್ನೂ ಕೂಡಿದರೆ 109. ಸಭೆಯ ಸದಸ್ಯರ ಸಂಖ್ಯೆ ಸುಮಾರು 300. ಎಂದರೆ ಅಂದು ಮೂರರಲ್ಲಿ ಎರಡು ಪಾಲಿನಷ್ಟು ಜನ ಯಾವ ಕಡೆಗೂ ಎಣಿಕೆಗೆ ಸಿಕ್ಕಲಿಲ್ಲ. ಇನ್ನೊಂದು ಮಾತು. ಕೈ ಎತ್ತಿ ಮತ ಹಾಕಿದ್ದರಿಂದ ಸಂಖ್ಯೆ ಮಾತ್ರ ಕಡತದಲ್ಲಿ ಉಳಿದಿದೆ, ಹೆಸರುಗಳಿಲ್ಲ. ಆ ನಲವತ್ತೊಂದು ಕೈಗಳು ಯಾರವು? ಮಾತಾಡಿದ ಕೆಲವರನ್ನು ಊಹಿಸಬಹುದು, ಉಳಿದವರನ್ನು ಊಹಿಸಲೂ ಆಗದು. ತಮ್ಮ ಪ್ರತಿನಿಧಿ ಹೇಗೆ ಮತ ಹಾಕಿದನೆಂದು ತಿಳಿಯಬಯಸುವ ಪ್ರಜೆಗೆ ಈ ತೊಂದರೆ ಇಂದಿಗೂ ತಪ್ಪಿಲ್ಲ. ನಮ್ಮ ಸಂಸತ್ತಿನಲ್ಲಿಯೂ ವಿಧಾನಸಭೆಗಳಲ್ಲಿಯೂ ಹೆಚ್ಚಿನ ತೀರ್ಮಾನಗಳು ಧ್ವನಿಮತದಿಂದ ಆಗುತ್ತವೆ. ಯಾರಾದರೂ ವಿಭಜನೆ ಕೇಳಿದಾಗ ಮಾತ್ರ ಹೆಸರು ಹೆಸರಾಗಿ ದಾಖಲೆ ಸಿಗುತ್ತದೆ. 1985ರಲ್ಲಿ ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ಬಂದ ಮೇಲೆ ಪಕ್ಷದ ಆಜ್ಞೆ ಮೀರಿ ಕೈ ಎತ್ತಿದವನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಒಬ್ಬ ಸದಸ್ಯನ ಮತಪಟ್ಟಿಯನ್ನು ನೋಡಿ ಅವನ ಅಂತರಂಗವನ್ನು ತಿಳಿಯುತ್ತೇವೆಂಬುದು ಈಗ ಬಹುಮಟ್ಟಿಗೆ ಭ್ರಮೆ. ಮತಕ್ಕಿಂತ ಅವನು ಕೇಳಿದ ಪ್ರಶ್ನೆ, ತಂದ ತಿದ್ದುಪಡಿ, ಖಾಲಿ ಸದನದಲ್ಲಿ ಆಡಿದ ಮಾತು ಹೆಚ್ಚು ಹೇಳುತ್ತವೆ. ಕಾಮತರ ವಿಷಯದಲ್ಲಂತೂ ಇದು ನಿಜ, ಏಕೆಂದರೆ ಒಂದೇ ಮತವನ್ನು ಹಿಡಿದು ನೋಡಿದರೆ ಅವರು ಬೇರೆಯೇ ಮನುಷ್ಯರಾಗಿ ಕಾಣುತ್ತಾರೆ.

ಅದಕ್ಕೆ ಹತ್ತು ತಿಂಗಳು ಹಿಂದೆ, 1948ರ ಡಿಸೆಂಬರ್ 6ರಂದು, ಧಾರ್ಮಿಕ ಸ್ವಾತಂತ್ರ್ಯದ ವಿಧಿ ಚರ್ಚೆಗೆ ಬಂದಾಗ ಇದೇ ಕಾಮತರು ಒಂದು ತಿದ್ದುಪಡಿ ತಂದಿದ್ದರು. ರಾಜ್ಯವು ಯಾವುದೇ ಒಂದು ಮತವನ್ನು ಸ್ಥಾಪಿಸಬಾರದು, ಅದಕ್ಕೆ ದತ್ತಿ ಕೊಡಬಾರದು, ಆಶ್ರಯ ನೀಡಬಾರದು. ಆದರೆ ಪ್ರಜೆಗಳಿಗೆ ಆಧ್ಯಾತ್ಮಿಕ ಶಿಕ್ಷಣ ನೀಡಲು ಅಡ್ಡಿಯಿರಬಾರದು. ಇದು ಅದರ ಸಾರ. ರಾಜ್ಯ ಒಂದು ಮತದ ಬೆನ್ನಿಗೆ ನಿಂತರೆ ಒಡಕು ಹುಟ್ಟುತ್ತದೆಂದು ಅವರು ಎಚ್ಚರಿಸಿದರು. ಅದೂ ಬಿತ್ತು. ದೇವರನ್ನು ಪೀಠಿಕೆಗೆ ತರಬಯಸಿದವರೇ ಮತವನ್ನು ರಾಜ್ಯದ ಬೊಕ್ಕಸದಿಂದ ದೂರವಿಡಬಯಸಿದ್ದರು. ಇದನ್ನು ವಿರೋಧಾಭಾಸವೆನ್ನುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ದೈವಭಕ್ತಿ ಬೇರೆ, ಮತದ ಅಧಿಕಾರ ಬೇರೆ ಎಂಬ ವಿವೇಕ ಬಸವಾದಿ ಶರಣರನ್ನು ಬಲ್ಲ ನಮ್ಮ ಸಮಾಜಕ್ಕೆ ಹೊಸತಲ್ಲ. ಕಲ್ಯಾಣದ ಬಿಜ್ಜಳನ ಬಳಿ ಭಂಡಾರಿಯಾಗಿ ದುಡಿದ ಬಸವಣ್ಣನವರು ಶರಣಧರ್ಮವನ್ನು ಅರಮನೆಯ ಆಜ್ಞೆಯಾಗಿ ಹೊರಡಿಸಲಿಲ್ಲ. ಅದು ಮನೆಮನೆಯಲ್ಲಿ, ಅಂಗೈಯ ಇಷ್ಟಲಿಂಗದಲ್ಲಿ ಬೆಳೆಯಿತು.

ಹಾಗಾದರೆ ಆ ಅಕ್ಟೋಬರ್ 17ರಂದು ನಾವಿದ್ದಿದ್ದರೆ ಯಾವ ಕಡೆ ಕೈ ಎತ್ತುತ್ತಿದ್ದೆವು? ಮಠದಲ್ಲಿ ಕುಳಿತು ಬರೆಯುವವರು ಕಾಮತರ ಕಡೆಗೆ ಎಂದು ಕೂಡಲೇ ಹೇಳುತ್ತಾರೆಂದು ಓದುಗರು ನಿರೀಕ್ಷಿಸಬಹುದು. ಮೊದಲ ಓದಿನಲ್ಲಿ ನಮ್ಮ ಮನಸ್ಸು ಹೋದದ್ದೂ ಅತ್ತಲೇ. ಕುಂಜ್ರು ಅವರ ಮಾತನ್ನು ಎರಡನೆಯ ಬಾರಿ ಓದಿದಾಗ ಆ ಧೈರ್ಯ ಉಳಿಯಲಿಲ್ಲ. ಲಿಂಗವನ್ನು ಅಂಗದ ಮೇಲೆ ಧರಿಸುವವನಿಗೆ ಅದು ಹಾಳೆಯ ಮೇಲೂ ಇರಬೇಕೆ? ಹಾಳೆಯ ಮೇಲಿದ್ದರೆ ಅದು ಯಾರ ದೇವರು, ಯಾವ ಹೆಸರಿನವನು ಎಂಬ ರೋಹಿಣಿಕುಮಾರ ಚೌಧುರಿಯವರ ಪ್ರಶ್ನೆ ಮತ್ತೆ ಏಳುವುದಿಲ್ಲವೆ? ಆದರೂ ಕಾಮತರು ಮತ ಕೇಳಿದ್ದು ತಪ್ಪೆಂದು ನಾವು ಒಪ್ಪಲಾರೆವು. ಪ್ರಶ್ನೆ ಎದ್ದ ಮೇಲೆ ಅದನ್ನು ಸಂಕೋಚಕ್ಕೆ ಮುಚ್ಚಿಹಾಕಿದ್ದರೆ, ಈಗ ನಾವು ಭಕ್ತರಿಗೆ ಕೊಡುತ್ತಿರುವ ಉತ್ತರವೇ ಇರುತ್ತಿರಲಿಲ್ಲ. ಮರೆತದ್ದರಿಂದ ಬಿಟ್ಟುಹೋಯಿತು ಎಂಬುದಕ್ಕೂ, ಎರಡು ಪಕ್ಷದ ವಾದ ಕೇಳಿ ಬಿಡಲಾಯಿತು ಎಂಬುದಕ್ಕೂ ಬಹಳ ಅಂತರವಿದೆ.

ಗೆದ್ದ ಪ್ರಸಂಗವೂ ಇದೆ. ಕರಡಿನಲ್ಲಿ ರಾಷ್ಟ್ರಪತಿಯ ಪ್ರಮಾಣವಚನದಲ್ಲಿ ದೇವರ ಮಾತಿರಲಿಲ್ಲ. 1948ರ ಡಿಸೆಂಬರ್ ಕೊನೆಯಲ್ಲಿ ಆ ವಿಧಿ ಬಂದಾಗ ಕಾಮತರೂ ಮಹಾವೀರ ತ್ಯಾಗಿಯವರೂ ಅದಕ್ಕಾಗಿ ವಾದಿಸಿದರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅದು ಬೇಡವೆನ್ನುವವರು ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು ಎಂಬ ಎರಡು ದಾರಿಯ ಪಾಠವನ್ನು ಸಭೆ ಒಪ್ಪಿತು. ಇಂದಿನ 60ನೆಯ ವಿಧಿಯಲ್ಲಿ ಅದೇ ಇದೆ. ಮಂತ್ರಿಗಳು, ಶಾಸಕರು, ನ್ಯಾಯಮೂರ್ತಿಗಳ ಪ್ರಮಾಣವಚನದಲ್ಲಿಯೂ ಅದೇ ಆಯ್ಕೆ ಇದೆ. ಒಬ್ಬೊಬ್ಬರೂ ತಮ್ಮ ಬಾಯಿಂದ ತಮಗಾಗಿ ಹೇಳುವಲ್ಲಿ ದೇವರು ಉಳಿದ. ಎಲ್ಲರ ಪರವಾಗಿ ಹೇಳುವಲ್ಲಿ ಉಳಿಯಲಿಲ್ಲ.

ದೇಶದ ಹೆಸರಿನ ಚರ್ಚೆಯಲ್ಲಿಯೂ ಕಾಮತರು ಮತಕ್ಕೆ ಹೋದರು. 1949ರ ಸೆಪ್ಟೆಂಬರ್ 18ರಂದು ಮೊದಲ ವಿಧಿಯಲ್ಲಿ ಇಂಡಿಯಾ, ಅಂದರೆ ಭಾರತ ಎಂಬ ಪಾಠ ಬಂದಾಗ, ಕ್ರಮವನ್ನು ತಿರುಗಿಸಿ ಭಾರತ, ಇಂಗ್ಲಿಷ್ ಭಾಷೆಯಲ್ಲಿ ಇಂಡಿಯಾ ಎಂದಿರಲಿ ಎಂದು ಅವರು ಕೇಳಿದರು. ಐರ್ಲೆಂಡಿನವರು ತಮ್ಮ ಸಂವಿಧಾನದಲ್ಲಿ ಐರೆ ಎಂಬ ತಾಯ್ನುಡಿಯ ಹೆಸರನ್ನು ಮೊದಲಿಟ್ಟು ಇಂಗ್ಲಿಷ್ ಹೆಸರನ್ನು ಹಿಂದಿಟ್ಟುದನ್ನು ಆಧಾರವಾಗಿ ಕೊಟ್ಟರು. ಪರ 38, ವಿರುದ್ಧ 51. ಅಂತರ ಹದಿಮೂರು. ಹೆಸರುಗಳು ಇಲ್ಲಿಯೂ ದಾಖಲಾಗಲಿಲ್ಲ.

ದೇವರ ಹೆಸರಿನ ಮತವೇ ಹೆಚ್ಚು ಪ್ರಸಿದ್ಧವಾದರೂ, ಕಾಮತರ ನಿಜವಾದ ಕೊಡುಗೆ ತುರ್ತುಪರಿಸ್ಥಿತಿಯ ವಿಧಿಗಳ ಮೇಲೆ ಅವರು ಆಡಿದ ಮಾತೆಂದು ನಮ್ಮ ಅಭಿಪ್ರಾಯ. 1949ರ ಆಗಸ್ಟ್‌ನಲ್ಲಿ ಆ ವಿಧಿಗಳು ಸಭೆಯ ಮುಂದೆ ಬಂದವು. ದೇಶಕ್ಕೆ ಅಪಾಯ ಬಂದಾಗ ಕೇಂದ್ರಕ್ಕೆ ವಿಶೇಷ ಅಧಿಕಾರ ಬೇಕೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅಂಥ ಕಾಲದಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವ ಅವಕಾಶವನ್ನೇ ರಾಷ್ಟ್ರಪತಿಯ ಆಜ್ಞೆಯಿಂದ ಅಮಾನತ್ತಿನಲ್ಲಿಡಬಹುದೆಂಬ ಕರಡಿನ 280ನೆಯ ವಿಧಿಯನ್ನು, ಈಗಿನ 359ನೆಯದನ್ನು, ಅವರು ಸಹಿಸಲಿಲ್ಲ. ಜರ್ಮನಿಯ ವೈಮಾರ್ ಸಂವಿಧಾನದ 48ನೆಯ ವಿಧಿ ಇಂಥದೇ ಆಗಿತ್ತು, ಅದೇ ಮೆಟ್ಟಿಲಿನಿಂದ ಹಿಟ್ಲರ್ ಮೇಲೇರಿದ ಎಂದು ನೆನಪಿಸಿದರು. ಒಳ್ಳೆಯವರ ಕೈಯಲ್ಲಿ ಅಧಿಕಾರವಿದೆಯೆಂದು ನಂಬಿ ಬರೆದ ವಿಧಿ ನಾಳೆ ಕೆಟ್ಟವರ ಕೈಗೆ ಸಿಕ್ಕಬಹುದು. ಅಂದಿನ ಶಾಂತಿ ಸ್ಮಶಾನದ ಶಾಂತಿಯಾದೀತು ಎಂಬುದು ಅವರ ಎಚ್ಚರಿಕೆ. ಆಗಸ್ಟ್ 20ರಂದು ವಿಧಿ ಅಂಗೀಕೃತವಾದಾಗ ನಾಚಿಕೆ ದುಃಖಗಳ ದಿನವೆಂದು ಅವರು ವ್ಯಥೆಪಟ್ಟರು. ಅಂದು ಅದು ಅತಿರೇಕವೆಂದು ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸ್ವಾತಂತ್ರ್ಯ ತಂದವರೇ ಎದುರು ಕುಳಿತಿದ್ದರು.

1949ರ ನವೆಂಬರ್ 25ರಂದು ಡಾ. ಅಂಬೇಡ್ಕರರು ಮುಕ್ತಾಯದ ಭಾಷಣದಲ್ಲಿ ಈ ಭಿನ್ನಮತೀಯರನ್ನು ಹೆಸರು ಹಿಡಿದು ಸ್ಮರಿಸಿದರು, ಆ ಹೆಸರುಗಳಲ್ಲಿ ಕಾಮತರದು ಮೊದಲು. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಸಭೆ ನೀರಸವಾಗುತ್ತಿತ್ತು, ಅವರ ಸಲಹೆಗಳನ್ನು ತಾವು ಒಪ್ಪದಿದ್ದರೂ ಅವುಗಳ ಬೆಲೆ ಕಡಿಮೆಯಲ್ಲ, ಸಂವಿಧಾನದ ತತ್ತ್ವಗಳನ್ನು ವಿವರಿಸುವ ಅವಕಾಶ ಅವರಿಂದಲೇ ದೊರೆಯಿತು ಎಂದು ಕೃತಜ್ಞತೆ ಹೇಳಿದರು. ಸೋತವರಿಗೆ ಗೆದ್ದವರು ಸಲ್ಲಿಸಿದ ಇಂಥ ಗೌರವ ನಮ್ಮ ಸದನಗಳ ಚರಿತ್ರೆಯಲ್ಲಿ ವಿರಳ.

ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕಾಮತರು ಹೊಶಂಗಾಬಾದ್ ಕ್ಷೇತ್ರದಿಂದ ನಿಂತರು. ಎದುರಾಳಿ ಸೈಯದ್ ಅಹಮದ್ ಅವರಿಗೆ 65,375, ಕಾಮತರಿಗೆ 65,201. ಸೋಲು 174 ಮತಗಳಿಂದ. ಆದರೆ ಸೋಭಾಪುರದ ಮತಗಟ್ಟೆಗಳಲ್ಲಿ ಅಧಿಕಾರಿಗಳ ತಪ್ಪಿನಿಂದ ಲೋಕಸಭೆಯ ಮತಪತ್ರದ ಬದಲು ವಿಧಾನಸಭೆಯ ಗುರುತುಳ್ಳ ಪತ್ರಗಳನ್ನು ಕೊಡಲಾಗಿತ್ತು. ಎದುರಾಳಿಗೆ ಬಿದ್ದ ಅಂಥ 301 ಪತ್ರಗಳು ಎಣಿಕೆಯಲ್ಲಿ ಸೇರಿದ್ದವು. ಕಾಮತರು ಮೊಕದ್ದಮೆ ಹೂಡಿದರು. ಅದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 1954ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ತಮ್ಮನ್ನೇ ವಿಜೇತರೆಂದು ಸಾರಬೇಕೆಂಬ ಅವರ ಕೋರಿಕೆ ಸಿದ್ಧಿಸಲಿಲ್ಲ. ಅಧಿಕಾರಿಯ ತಪ್ಪಿಗೆ ಮತದಾರ ಮತ ಕಳೆದುಕೊಳ್ಳಬಾರದೆಂದು ಇಡೀ ಚುನಾವಣೆಯೇ ರದ್ದಾಯಿತು. ಮರುಚುನಾವಣೆಯಲ್ಲಿ ಗೆದ್ದು ಅವರು ಲೋಕಸಭೆಗೆ ಬಂದರು. ಕೆಳಗಿನ ನ್ಯಾಯಾಧಿಕರಣಗಳ ತಪ್ಪನ್ನು ಉಚ್ಚ ನ್ಯಾಯಾಲಯಗಳು ಎಷ್ಟರಮಟ್ಟಿಗೆ ತಿದ್ದಬಹುದೆಂಬುದಕ್ಕೆ ಆ ತೀರ್ಪನ್ನು ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ. ಕಾಮತರ ಹೆಸರು ಕಾನೂನಿನ ಪುಸ್ತಕಗಳಲ್ಲಿ ಉಳಿದಿರುವುದು ಹೆಚ್ಚಾಗಿ ಈ ಮೊಕದ್ದಮೆಯಿಂದ.

1957ರಲ್ಲಿ ಸೋಲು, 1962ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಗೆಲುವು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಆಚಾರ್ಯ ಕೃಪಲಾನಿಯವರು ಲೋಕಸಭೆಯ ಮೊತ್ತಮೊದಲ ಅವಿಶ್ವಾಸ ನಿರ್ಣಯವನ್ನು ಮಂಡಿಸಿ 62ಕ್ಕೆ 347ರಿಂದ ಸೋತಾಗ ಕಾಮತರು ವಿರೋಧಪಕ್ಷದ ಪೀಠಗಳಲ್ಲಿದ್ದರು. 1966ರಲ್ಲಿ ರಚಿತವಾದ ಆಡಳಿತ ಸುಧಾರಣಾ ಆಯೋಗದಲ್ಲಿ ಸದಸ್ಯರಾದರು. ಬಿಟ್ಟುಬಂದ ಆಡಳಿತ ಸೇವೆಯನ್ನು ತಿದ್ದುವ ಕೆಲಸ ಹೀಗೆ ಅವರ ಪಾಲಿಗೆ ಬಂತು.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಿತು. 359ನೆಯ ವಿಧಿಯಡಿ ಆಜ್ಞೆ ಹೊರಟಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು ನ್ಯಾಯಾಲಯಗಳ ಮೊರೆಹೊಕ್ಕರು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು, ಆ ಆಜ್ಞೆ ಇರುವವರೆಗೆ ಬಂಧನವನ್ನು ಪ್ರಶ್ನಿಸಿ ಯಾರೂ ಬರುವಂತಿಲ್ಲವೆಂದು ನಾಲ್ಕು ಒಂದರ ಬಹುಮತದಿಂದ ಹೇಳಿತು. ಆ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಆ ಪ್ರಕರಣದ ಹೆಸರಿನಲ್ಲಿರುವ ಊರು ಜಬಲ್ಪುರ, ಕಾಮತರ ನರ್ಮದೆಯ ದಡದಲ್ಲಿಯೇ ಇರುವ ಊರು. ಇಪ್ಪತ್ತಾರು ವರ್ಷ ಹಿಂದೆ ಸೋತ ವಾದ ಬಾಗಿಲಲ್ಲಿ ಬಂದು ನಿಂತಿತ್ತು.

1977ರ ಚುನಾವಣೆಯಲ್ಲಿ ಹೊಶಂಗಾಬಾದಿನ ಜನ ಕಾಮತರನ್ನು ಜನತಾ ಪಕ್ಷದಿಂದ ಮತ್ತೆ ಕಳುಹಿಸಿದರು. ಅವರಿಗೆ ಆಗ ಎಪ್ಪತ್ತರ ಹತ್ತಿರದ ವಯಸ್ಸು. ಅವರಿದ್ದ ಆ ಲೋಕಸಭೆಯೇ 1978ರಲ್ಲಿ ನಲವತ್ತನಾಲ್ಕನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಆಂತರಿಕ ಕ್ಷೋಭೆ ಎಂಬ ಸಡಿಲ ಕಾರಣವನ್ನು ತೆಗೆದು ಸಶಸ್ತ್ರ ಬಂಡಾಯ ಎಂದು ಬಿಗಿಗೊಳಿಸಲಾಯಿತು. ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ಬರದೆ ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲವೆಂದಾಯಿತು. 20 ಮತ್ತು 21ನೆಯ ವಿಧಿಗಳ ಹಕ್ಕನ್ನು, ಅಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆಯನ್ನು, ತುರ್ತುಪರಿಸ್ಥಿತಿಯಲ್ಲಿಯೂ ಅಮಾನತ್ತಿನಲ್ಲಿಡಲಾಗದು ಎಂದು 359ನೆಯ ವಿಧಿಯಲ್ಲಿಯೇ ಬರೆಯಲಾಯಿತು. ತಾವು ಮರುಗಿದ ವಿಧಿಗೆ ತಾವೇ ಕುಳಿತ ಸದನದಲ್ಲಿ ಕಡಿವಾಣ ಬೀಳುವುದನ್ನು ನೋಡುವ ಯೋಗ ಸಂವಿಧಾನ ರಚನಾ ಸಭೆಯ ಎಷ್ಟು ಮಂದಿ ಸದಸ್ಯರಿಗೆ ಬಂದೀತು?

ಕಾಮತರು 1982ರಲ್ಲಿ ಲಿಂಗೈಕ್ಯರಾದರು ಎಂದು ನಾವು ಬರೆದರೆ ಅವರ ಸಂಪ್ರದಾಯದವರು ಮನ್ನಿಸಬೇಕು. ಇಂಥವರಿಗೆ ನಮ್ಮಲ್ಲಿ ಸಲ್ಲುವ ಮಾತು ಅದೇ. ಸಂವಿಧಾನ ರಚನಾ ಸಭೆಯ ಚರ್ಚೆಗಳು ಅಚ್ಚಾಗಿ ಎಲ್ಲರಿಗೂ ಸಿಗುವಂತಿವೆ. ಪೀಠಿಕೆಯನ್ನು ಮಕ್ಕಳಿಗೆ ಓದಿಸುವ ನಮ್ಮ ಶಾಲೆಗಳ ಅಧ್ಯಾಪಕರು 1949ರ ಅಕ್ಟೋಬರ್ 17ರ ಕಲಾಪವನ್ನು ಒಮ್ಮೆ ತೆರೆದು ನೋಡಲೆಂದು ಕೋರುತ್ತೇವೆ. ಕಾಮತರ ಭಾಷಣ ಮುಗಿದಲ್ಲಿ ನಿಲ್ಲಿಸದೆ ಕುಂಜ್ರು ಅವರದನ್ನೂ ಪೂರ್ಣಿಮಾ ಬ್ಯಾನರ್ಜಿಯವರದನ್ನೂ ಓದಬೇಕು. ಎಲ್ಲವೂ ಸೇರಿ ಕೆಲವೇ ಪುಟಗಳು.